ಹಳೆ ಫೋಟೊಗಳಲ್ಲಿ ಇರುವ ನಮ್ಮವರು ಯಾರು? ಮತ್ತು ಅಟ್ಟದಲ್ಲಿ ಸಿಕ್ಕ ಗಾಜಿನ ಪ್ಲೇಟುಗಳು

ಜೆಪ್ಪುವಿನ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ಎರಡು ವಿಷಯ ಕೇಳಬೇಕಿತ್ತು, ಸ್ವಲ್ಪ ಉದ್ದ ಆಗುತ್ತದೆ.

ಬಾಸೆಲ್ ಮಿಶನ್‌ನವರ (ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಮಿಶನರಿಗಳು) ಹಳೆ ಫೋಟೊಗಳು ನೆಟ್‌ನಲ್ಲಿ ಸಿಗುತ್ತವಲ್ವಾ, ಕಳೆದ ತಿಂಗಳು ಅದನ್ನು ನೋಡುತ್ತಾ ಕೂತಿದ್ದೆ. ಹಂಚಿನ ಕಾರ್ಖಾನೆಯ ಒಂದು ಫೋಟೊ ಸಿಕ್ಕಿತು. ಹೆಂಗಸರು ತಲೆ ಮೇಲೆ ಹಂಚು ಹೊತ್ತು ಸಾಲಾಗಿ ನಿಂತಿದ್ದಾರೆ. ಅಜ್ಜಿಗೆ ತೋರಿಸಿದೆ. ಅವರಿಗೆ ಈಗ 87, ಮದುವೆಗೆ ಮೊದಲು ನಾಲ್ಕು ವರ್ಷ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿ, "ಇದು ಫೋಟೊಕ್ಕೆ ನಿಲ್ಲಿಸಿದ್ದು" ಅಂದರು. ಹೇಗೆ ಗೊತ್ತು ಅಂತ ಕೇಳಿದೆ. "ಇಷ್ಟೇ ಹಂಚು ಹೊತ್ತರೆ ಮೇಸ್ತ್ರಿ ಸುಮ್ನೆ ಇರ್ತಿದ್ನಾ? ಮತ್ತೆ ಸೀರೆ ನೋಡು, ಒಂದು ಚೂರು ಮಣ್ಣಿಲ್ಲ."

ನಾನು ಆ ಫೋಟೊವನ್ನು ಹತ್ತು ಸಲ ನೋಡಿದ್ದೆ, ನನಗೆ ಇದು ಕಂಡೇ ಇರಲಿಲ್ಲ. ಅಡಿಬರಹದಲ್ಲಿ ಕಾರ್ಖಾನೆ ಹೆಸರಿದೆ, ಪಕ್ಕದಲ್ಲಿ ನಿಂತ ಸಾಹೇಬರ ಹೆಸರಿದೆ. ಹೆಂಗಸರು ಬರೀ "ಕೆಲಸದವರು". ಇವರ ಹೆಸರು ಹುಡುಕುವ ದಾರಿ ಏನಾದರೂ ಇದೆಯಾ?

ಇನ್ನೊಂದು: ಅಪ್ಪನ ಸೋದರಮಾವ ಮಂಗಳೂರಿನ ಹಂಪನಕಟ್ಟೆಯ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕಿದ್ದರಂತೆ. ಅವರ ಮರದ ಪೆಟ್ಟಿಗೆ ಅಟ್ಟದಲ್ಲಿ ಸಿಕ್ಕಿತು, ಒಳಗೆ 11 ಗಾಜಿನ ಪ್ಲೇಟುಗಳಿವೆ, ಫಿಲ್ಮಿನ ಬದಲು ಗಾಜಿನ ಮೇಲೆ ತೆಗೆದ ಹಳೆ ನೆಗೆಟಿವ್‌ಗಳು. ಧೂಳು ಅಂತ ಒಂದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒಂದು ಮೂಲೆಯ ಚಿತ್ರವೇ ಎದ್ದು ಬಂತು. ಆವತ್ತಿನಿಂದ ಮುಟ್ಟಲು ಹೆದರಿಕೆ. ಏನು ಮಾಡಲಿ?

ಹಂಚಿನ ಮಾಡು:

ಮೊದಲು ಪ್ಲೇಟಿನ ವಿಷಯ ಹೇಳುತ್ತೇನೆ, ಮಳೆಗಾಲ ಬರುತ್ತಾ ಇದೆ. ಇನ್ನು ಮುಂದೆ ನೀರು ಬೇಡ, ಸ್ಪಿರಿಟ್ ಬೇಡ, ಕನ್ನಡಕ ಒರೆಸುವ ದ್ರಾವಣ ಅಂತೂ ಬೇಡವೇ ಬೇಡ. ಗಾಜಿನ ಒಂದು ಬದಿ ಹೊಳೆಯುತ್ತದೆ, ಇನ್ನೊಂದು ಬದಿ ಮಂಕಾಗಿರುತ್ತದೆ. ಆ ಮಂಕು ಬದಿಯಲ್ಲೇ ಚಿತ್ರ ಇರುವುದು. 1880ರ ನಂತರದ ಪ್ಲೇಟುಗಳಲ್ಲಿ ಅದು ಹೆಚ್ಚಾಗಿ ಜೆಲಾಟಿನ್ ಪದರ. ನೀರು ತಾಗಿದರೆ ಉಬ್ಬುತ್ತದೆ, ನಮ್ಮ ಕರಾವಳಿಯ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ಅಂಚು ಮಾತ್ರ ಹಿಡಿಯಿರಿ. ಧೂಳಿದ್ದರೆ ಹೊಳೆಯುವ ಬದಿಗೆ ಮಾತ್ರ ಮೆತ್ತನೆ ಒಣ ಬ್ರಷ್. ಒಂದರ ಮೇಲೊಂದು ಪೇರಿಸಬೇಡಿ, ಭಾರಕ್ಕೆ ಕೆಳಗಿನದು ಒಡೆಯುತ್ತದೆ. ಆಸಿಡ್ ಇಲ್ಲದ ಕಾಗದದಲ್ಲಿ ಬೇರೆ ಬೇರೆಯಾಗಿ ಸುತ್ತಿ ನಿಲ್ಲಿಸಿ ಇಡಿ. ಪ್ಲಾಸ್ಟಿಕ್ ಕವರ್ ಬೇಡ, ನ್ಯೂಸ್‌ಪೇಪರಿನಲ್ಲೂ ಸುತ್ತಬೇಡಿ. ಒಡೆದದ್ದಿದ್ದರೆ ಗಮ್ ಹಾಕಿ ಅಂಟಿಸಲು ಹೋಗಬೇಡಿ, ತುಂಡುಗಳನ್ನು ಹಾಗೇ ಇಟ್ಟುಕೊಳ್ಳಿ. ಮತ್ತೆ ಅಟ್ಟಕ್ಕೆ ಮಾತ್ರ ಹಾಕಬೇಡಿ, ಹಂಚಿನ ಕೆಳಗೆ ಮಧ್ಯಾಹ್ನ ಎಷ್ಟು ಕಾಯುತ್ತದೆ ಅಂತ ನಿಮಗೇ ಗೊತ್ತು.

ಚಿತ್ರ ನೋಡಬೇಕಾದರೆ ಟ್ಯಾಬಿನಲ್ಲಿ ಪೂರ್ತಿ ಬಿಳಿ ಸ್ಕ್ರೀನ್ ಇಟ್ಟು, ಅದಕ್ಕಿಂತ ಎರಡು ಬೆರಳು ಮೇಲೆ ಪ್ಲೇಟು ನಿಲ್ಲುವ ಹಾಗೆ ಮಾಡಿ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಆಮೇಲೆ ಬಣ್ಣ ಉಲ್ಟಾ ಮಾಡಿದರೆ ಆಯಿತು. ಅಂಗಡಿ ಬೋರ್ಡಿನ ಅಕ್ಷರ ತಿರುಗಾಮುರುಗಾ ಕಂಡರೆ ಚಿತ್ರವನ್ನು ಎಡಬಲ ತಿರುಗಿಸಿ.

ಬಂದರು ರಸ್ತೆ:

ಹೆಸರು ಸಿಗದಿದ್ದರೂ ಕಾಲ ಅಂದಾಜು ಮಾಡಬಹುದು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಈಗ ರೈಲು ಸೇತುವೆ ಇರುವ ಕಡೆ ನೇತ್ರಾವತಿ ಖಾಲಿ ಕಂಡರೆ ಫೋಟೊ ಅದಕ್ಕಿಂತ ಹಳೆಯದು. ಪೋಸ್ಟ್‌ಕಾರ್ಡ್ ಆದರೆ ಸ್ಟಾಂಪ್ ನೋಡಿ, ಏಳನೇ ಎಡ್ವರ್ಡ್ ಇದ್ದರೆ 1902ರ ನಂತರದ್ದು, ಐದನೇ ಜಾರ್ಜ್ ಇದ್ದರೆ 1911ರ ನಂತರದ್ದು. ಆದರೆ ಅದು ಸ್ಟಾಂಪಿನ ಕಾಲ, ಫೋಟೊ ಇನ್ನೂ ಹಳೆಯದಿರಬಹುದು.

ಹಂಚಿನ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ಹಂಚಿನ ಮೇಲೆ 1865 ಅಂತ ಇದ್ದರೆ ಅದು ಜೆಪ್ಪುವಿನ ಮಿಶನ್ ಕಾರ್ಖಾನೆ ಶುರುವಾದ ವರ್ಷ. ಆ ಹಂಚು ಮಾಡಿದ ವರ್ಷ ಅಲ್ಲ. ಕಾಮನ್‌ವೆಲ್ತ್ (ಆಮೇಲೆ ಕಾರ್ಖಾನೆ ವಹಿಸಿಕೊಂಡ ಕಂಪನಿ) ಅಂತ ಇದ್ದರೆ ಮೊದಲ ಮಹಾಯುದ್ಧದ ಆಮೇಲಿನದು, ಆ ಹೊತ್ತಿಗೆ ಕಾರ್ಖಾನೆ ಮಿಶನ್ ಕೈತಪ್ಪಿತ್ತು.

ಹುಡುಕುವಾಗ ಬರೀ "ಉಡುಪಿ", "ದಕ್ಷಿಣ ಕನ್ನಡ" ಅಂತ ಹಾಕಿ ಸಿಗಲಿಲ್ಲ ಅಂತ ಬಿಡಬೇಡಿ. ಉಡುಪಿ ಜಿಲ್ಲೆ ಆದದ್ದೇ 1997ರಲ್ಲಿ. ಬ್ರಿಟಿಷರ ಕಾಲದಲ್ಲಿ ಎಲ್ಲ ಸೌತ್ ಕೆನರಾ, ಮದ್ರಾಸ್ ಪ್ರಾಂತ್ಯ. ಕಾರವಾರ, ಹೊನ್ನಾವರದ ಕಡೆಯದು 1862ರಿಂದ ಬೊಂಬಾಯಿಗೆ ಸೇರಿತು, ಅದನ್ನು ಅಲ್ಲಿ ಹುಡುಕಬೇಕು. ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನಲ್ಲೂ ಹಳೆ ದಾಖಲೆ ಇವೆ, ಒಮ್ಮೆ ಹೋಗಿ ಕೇಳಿ.

ಮಲ್ಪೆ ಕಡಲು:

ತಂಗೀ, ನಿಮ್ಮ ಅಜ್ಜಿ ಹೇಳಿದ್ದು ಓದಿ ನಾನು ಸುಮಾರು ಹೊತ್ತು ಹಾಗೇ ಕೂತೆ. ಈ ಫೋಟೊಗಳು ಹೆಚ್ಚಾಗಿ ಯುರೋಪಿನಲ್ಲಿದ್ದ ಮಿಶನ್ ದಾನಿಗಳಿಗೆ ತೋರಿಸಲಿಕ್ಕೆ ತೆಗೆದವು. ನೋಡಿ, ನಾವು ಇವರಿಗೆ ಕೆಲಸ ಕೊಟ್ಟೆವು, ಬಟ್ಟೆ ತೊಡಿಸಿದೆವು ಅಂತ. ನಮ್ಮ ಭೂತಕೋಲಕ್ಕೆ ಪಿಶಾಚಿ ಪೂಜೆ ಅಂತ ಹೆಸರಿಟ್ಟವರೂ ಮಿಶನ್‌ನವರೇ. ಅದಕ್ಕೆ ಒಂದು ಕಾಲದಲ್ಲಿ ಇವುಗಳನ್ನು ನೋಡಲೇ ಮನಸ್ಸು ಬರುತ್ತಿರಲಿಲ್ಲ ನನಗೆ.

ಈಗ ನೋಡುತ್ತೇನೆ. ಅಡಿಬರಹ ಅವರದ್ದು, ಒಳಗಿರುವ ಜನ ನಮ್ಮವರು. ನಮ್ಮಲ್ಲಿ ರಂಪಣಿ ಬಲೆ (ದಡದಲ್ಲಿ ನಿಂತು ತುಂಬ ಜನ ಸೇರಿ ಎಳೆಯುವ ದೊಡ್ಡ ಬಲೆ) ಎಳೆಯುವ ಒಂದು ಹಳೆ ಫೋಟೊ ಇತ್ತು. ಪರ್ಸಿನ್ ಬೋಟು (ಸಮುದ್ರದಲ್ಲೇ ಮೀನಿನ ಸುತ್ತ ಬಲೆ ಹಾಕುವ ಯಂತ್ರದ ಬೋಟು) ಬಂದ ಮೇಲೆ ರಂಪಣಿ ನಿಂತೇ ಹೋಯಿತು, ನಮ್ಮ ಮಕ್ಕಳಿಗೆ ಆ ಹೆಸರೂ ಗೊತ್ತಿಲ್ಲ. ಅಪ್ಪ ಆ ಫೋಟೊ ಹಿಡಿದು, ಹಗ್ಗದ ಎಡತುದಿಯಲ್ಲಿ ನಿಂತವ ಯಾರು, ಬಲೆ ಮೇಲೆ ಬಂದಾಗ ಮೀನಿನ ಪಾಲು ಹೇಗೆ ಮಾಡುತ್ತಿದ್ದರು, ಬೂತಾಯಿ ಮೀನು ಜಾಸ್ತಿ ಸಿಕ್ಕ ವರ್ಷ ತೆಂಗಿನ ಬುಡಕ್ಕೂ ಹಾಕಿದ್ದರು ಅಂತ ಎಲ್ಲ ಹೇಳುತ್ತಿದ್ದರು. ನಾನು ಬರೆದಿಡಲಿಲ್ಲ. ಅಪ್ಪ ಹೋಗಿ ಆರು ವರ್ಷ ಆಯಿತು. ಫೋಟೊ ಇದೆ, ಎಡತುದಿಯವನ ಹೆಸರು ನನಗೆ ನೆನಪಿಲ್ಲ.

ಹೆಸರು ಹುಡುಕುವುದಕ್ಕೆ ಮೊದಲು ಅಜ್ಜಿಯನ್ನು ಕೂರಿಸಿ ರೆಕಾರ್ಡ್ ಮಾಡಿ. ಇವತ್ತೇ.

ಜೆಪ್ಪುವಿನ ಮೊಮ್ಮಗಳು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮಲ್ಪೆ ಅಣ್ಣ ಹೇಳಿದ ಹಾಗೆ ನಿನ್ನೆ ಸಂಜೆ ಚಾವಡಿಯಲ್ಲಿ ಕೂತು ಮೊಬೈಲ್ ಆನ್ ಮಾಡಿಟ್ಟೆ. ಒಂದೂವರೆ ಗಂಟೆ ಮಾತಾಡಿದರು. ಫೋಟೊದವರ ಹೆಸರು ಅವರಿಗೂ ಗೊತ್ತಿಲ್ಲ, ಅದು ಅವರಿಗಿಂತ ಎಷ್ಟೋ ಹಿಂದಿನದು. ಆದರೆ ತಮ್ಮ ಜೊತೆ ಹಂಚು ಹೊತ್ತ ಒಂಬತ್ತು ಜನರ ಹೆಸರು, ಮನೆ, ಯಾರಿಗೆ ಎಷ್ಟು ಮಕ್ಕಳು ಎಲ್ಲ ಹೇಳಿದರು. ಅದರಲ್ಲಿ ಇಬ್ಬರು ಇನ್ನೂ ಇದ್ದಾರಂತೆ, ಒಬ್ಬರು ಉಳ್ಳಾಲದಲ್ಲಿ, ಒಬ್ಬರು ಇಲ್ಲೇ ಮೋರ್ಗನ್ಸ್ ಗೇಟ್ ಹತ್ತಿರ. ಭಾನುವಾರ ಅಜ್ಜಿಯನ್ನು ರಿಕ್ಷಾದಲ್ಲಿ ಕರೆದುಕೊಂಡು ಹೋಗುತ್ತೇನೆ.

ಪ್ಲೇಟುಗಳನ್ನು ಕೆಳಗಿನ ಕೋಣೆಗೆ ತಂದಿದ್ದೇನೆ. ಮೂರರ ಫೋಟೊ ತೆಗೆದಾಯಿತು. ಒಂದರಲ್ಲಿ ಬಂದರಿನ ಧಕ್ಕೆ (ದೋಣಿ ನಿಲ್ಲುವ ಕಟ್ಟೆ), ಮಂಜಿಯಿಂದ (ಸರಕು ಸಾಗಿಸುವ ಮರದ ಹಡಗು) ಮೂಟೆ ಇಳಿಸುತ್ತಿದ್ದಾರೆ. ಮುಂದೆ ನಿಂತ ಹುಡುಗ ನೇರವಾಗಿ ಕ್ಯಾಮೆರಾ ನೋಡುತ್ತಿದ್ದಾನೆ. ನಾಳೆ ಇಲ್ಲಿ ಹಾಕುತ್ತೇನೆ, ಬಂದರಿನ ಕಡೆಯವರು ದಯವಿಟ್ಟು ನಿಮ್ಮ ಮನೆಯ ಹಿರಿಯರಿಗೆ ತೋರಿಸಿ.