ಎಂಬಾಲಿಸಂಗೆ ‘ಹೆಪ್ಪು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಕಾಲು ಮುರಿದು ಆಪರೇಶನ್ ಮಾಡಿಸಿಕೊಳ್ಳುವವರಿಗೆ ಕೊಡುವ ಒಂದು ಚಿಕ್ಕ ಹಾಳೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಬರುವ ‘ಫ್ಯಾಟ್ ಎಂಬಾಲಿಸಂ’ ಅನ್ನೋ ತೊಂದರೆಗೆ ಕನ್ನಡ ಪದ ಸಿಗದೆ ಕೂತುಬಿಟ್ಟಿದ್ದೇನೆ. ಮೊದಲು ‘ಮೇದೋಧಮನಿರೋಧ’ ಅಂತ ಬರೆದೆ. ಓದಿದ ಚಿಕ್ಕಪ್ಪ, “ಇದ್ಯಾವ ಮಂತ್ರನಪ್ಪಾ?” ಅಂದರು. ಆಮೇಲೆ ‘ಕೊಬ್ಬು ಹೆಪ್ಪುಗಟ್ಟುವುದು’ ಅಂತ ತಿದ್ದಿದೆ. ಓದೋಕೆ ಸಲೀಸು, ಆದರೆ ಅರ್ಥವೇ ತಪ್ಪು.

ಆಗುವುದು ಇಷ್ಟು. ತೊಡೆಮೂಳೆ ಒಳಗೆ ಪೊಳ್ಳು. ನಲ್ಲಿಮೂಳೆ ಚೀಪಿದವರಿಗೆ ಒಳಗೇನಿರುತ್ತದೆ ಅಂತ ಹೇಳಬೇಕಿಲ್ಲ. ದೊಡ್ಡವರಲ್ಲಿ ಆ ಮಜ್ಜೆಯ ಬಹುಪಾಲು ಕೊಬ್ಬೇ. ಮೂಳೆ ಮುರಿದಾಗಲೇ ಅದರಲ್ಲಿ ಸ್ವಲ್ಪ ರಕ್ತಕ್ಕೆ ಸೇರುತ್ತದೆ. ರಾಡ್ ಕೂರಿಸಲು ಒಳಗೆ ಕೊರೆಯುವಾಗ ಒತ್ತಡ ಏರಿ ಇನ್ನಷ್ಟು ನುಗ್ಗುತ್ತದೆ. ಆ ಹನಿಗಳು ಹೃದಯದ ಬಲಭಾಗ ದಾಟಿ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ದಾರಿ ಬಿಗಿಯಾದರೆ ಬಲಭಾಗ ಜಾಸ್ತಿ ಜೋರಾಗಿ ನೂಕಬೇಕು. ಸುಮಾರು ಜನಕ್ಕೆ ಇದು ಗೊತ್ತೇ ಆಗುವುದಿಲ್ಲ. ಕೆಲವರಿಗೆ ಮಾತ್ರ, ಸಾಮಾನ್ಯವಾಗಿ ಮುರಿದ 1ರಿಂದ 3 ದಿನದೊಳಗೆ, ಏದುಸಿರು, ತಲೆ ಗಲಿಬಿಲಿ, ಎದೆ-ಕಂಕುಳಲ್ಲಿ ಸಣ್ಣ ಕೆಂಪು ಚುಕ್ಕೆ.

ಈಗ ಪದದ ವಿಷಯ. ಹಾಲಿಗೆ ಹೆಪ್ಪು ಹಾಕಿದರೆ ಇದ್ದ ಪಾತ್ರೆಯಲ್ಲೇ ಮೊಸರಾಗುತ್ತದೆ, ಅಲ್ವಾ? ‘ಥ್ರಾಂಬಸ್’ ಅಂಥದ್ದು, ನಾಳದೊಳಗೆ ರಕ್ತ ಗಟ್ಟಿಯಾಗುವುದು. ಅದಕ್ಕೆ ಹೆಪ್ಪು ಸರಿ. ‘ಎಂಬಾಲಸ್’ ಬೇರೆ ಕಡೆಯಿಂದ ತೇಲಿ ಬಂದು ಸಿಕ್ಕಿಕೊಂಡದ್ದು. 19ನೇ ಶತಮಾನದಲ್ಲಿ ಜರ್ಮನಿಯ ವೈದ್ಯ ವಿರ್ಕೋ ಈ ಎರಡನ್ನೂ ಬಿಡಿಸಿ ತೋರಿಸಿದ. ನಾವು ಮತ್ತೆ ಎರಡಕ್ಕೂ ಒಂದೇ ಹೆಪ್ಪು ಹಾಕುತ್ತಿದ್ದೇವೆ!

ಗ್ರೀಕ್‌ನಲ್ಲಿ ‘ಎಂಬಾಲಸ್’ ಪದಕ್ಕೆ ಬೆಣೆ, ಬಿರಡೆ ಎಂಬ ಅರ್ಥವಿದೆ. ಆದರೆ ಬಿರಡೆಯನ್ನು ನಾವೇ ಬೇಕಂತ ಹಾಕುತ್ತೇವೆ. ‘ಕಟ್ಟಿಕೊಳ್ಳು’ ಅನ್ನೋಣವೆಂದರೆ, ಮೂಗು ಕಟ್ಟಿಕೊಳ್ಳುವುದಕ್ಕೆ ಹೊರಗಿನಿಂದ ಏನೂ ಬರಬೇಕಿಲ್ಲ. ‘ಸಿಕ್ಕಿಕೊಳ್ಳು’ ಅಂದಾಗ ಮಾತ್ರ ಏನೋ ಬಂದು ನಿಂತಿತು ಅನ್ನುವುದು ತಾನಾಗೇ ಹೊಳೆಯುತ್ತದೆ. ನನ್ನ ಓಟು ಇದಕ್ಕೇ. ತೊಂದರೆ ಏನೆಂದರೆ, ‘ಕೊಬ್ಬಿನ ಸಿಕ್ಕು’ ಅಂದರೆ ತಲೆಗೂದಲು ನೆನಪಾಗುತ್ತದೆ. ಸದ್ಯಕ್ಕೆ ‘ಕೊಬ್ಬಿನ ಹನಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುವುದು’ ಅಂತ ಉದ್ದಕ್ಕೇ ಬರೆದಿಟ್ಟಿದ್ದೇನೆ.

ತೋಟ ಇರುವವರು ಹೇಳಿ: ಕಾಲುವೆಯಲ್ಲಿ ತೇಲಿ ಬಂದ ಸೋಗೆ ತೂಬಿಗೆ ಸಿಕ್ಕಿ ನೀರು ನಿಂತರೆ, ಆ ಸಿಕ್ಕಿಕೊಂಡ ಕಸಕ್ಕೆ ನಿಮ್ಮ ಕಡೆ ಏನಂತಾರೆ?