ಎಲ್‌ಸ್ಯಾಟ್ (ಅಮೆರಿಕದ ಲಾ ಕಾಲೇಜಿನ ಪ್ರವೇಶ ಪರೀಕ್ಷೆ): 156ರಲ್ಲೇ ನಿಂತಿದ್ದೇನೆ, ಅಕ್ಟೋಬರ್‌ನಲ್ಲೇ ಬರೆಯಲಾ, ಬಿಡಲಾ?

ತಡವಾಗಿ_ಬಂದವಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಪೂರ್ತಿ ಓದಿ ಆಮೇಲೆ ಬಯ್ಯಿರಿ.

ನಾನು ಊರಲ್ಲಿ ಇ ಅಂಡ್ ಸಿ ಬಿಇ ಮಾಡಿದವಳು, 62 ಪರ್ಸೆಂಟ್. ನಾಲ್ಕು ವರ್ಷ ಟೆಸ್ಟಿಂಗ್ ಕೆಲಸ ಮಾಡಿ, ಮದುವೆಯಾಗಿ ನ್ಯೂಜೆರ್ಸಿಗೆ ಬಂದು ಆರು ವರ್ಷ ಆಯಿತು. ಯಜಮಾನರು ಇಲ್ಲಿನ ಸಿಟಿಜನ್, ನನಗೆ ಗ್ರೀನ್ ಕಾರ್ಡ್ ಇದೆ. ಮಗಳಿಗೆ ಮೂರು ವರ್ಷ.

ಲಾ ಓದುವ ಹುಚ್ಚು ಹಿಡಿದದ್ದು ಬಾಡಿಗೆ ಮನೆಯ ಗಲಾಟೆಯಿಂದ. ಮನೆ ಖಾಲಿ ಮಾಡಿದ ಮೇಲೆ ಮಾಲೀಕ ಡೆಪಾಸಿಟ್ ಕೊಡಲೇ ಇಲ್ಲ. ಇವರು ಬಿಟ್ಟುಬಿಡು ಅಂದರು. ನನಗೆ ನಿದ್ದೆ ಬರಲಿಲ್ಲ. ರಾತ್ರಿ ಕೂತು ಇಲ್ಲಿನ ಕಾಯ್ದೆ ಹುಡುಕಿ ಓದಿದೆ. 30 ದಿನದೊಳಗೆ ವಾಪಸ್ ಕೊಡಬೇಕು, ಸುಮ್ನೆ ಹಿಡಿದುಕೊಂಡರೆ ಕೋರ್ಟಿನಲ್ಲಿ ಎರಡರಷ್ಟು ಕೇಳಬಹುದು ಅಂತಿತ್ತು. ಒಂದು ಪುಟದ ಪತ್ರ ಬರೆದೆ. ಒಂಬತ್ತನೇ ದಿನ ಚೆಕ್ ಬಂತು. ಆ ಪತ್ರ ಬರೆದಾಗ ಆದ ಖುಷಿ ನಾಲ್ಕು ವರ್ಷದ ಟೆಸ್ಟಿಂಗ್‌ನಲ್ಲಿ ಒಂದು ದಿನವೂ ಆಗಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಾಲ್ಕು ತಿಂಗಳಿಂದ ಎಲ್‌ಸ್ಯಾಟ್‌ಗೆ ಓದುತ್ತಿದ್ದೇನೆ. ಮೊದಲ ಸಲ 144 ಬಂದಿತ್ತು. ಈಗ 156, 155, 157, ಮತ್ತೆ 156. ಕಾಲು ಹೂತುಹೋದ ಹಾಗಾಗಿದೆ. ಲಾಜಿಕಲ್ ರೀಸನಿಂಗ್‌ನಲ್ಲಿ ಒಂದೊಂದು ಸೆಕ್ಷನ್‌ಗೆ ಎಂಟು ತಪ್ಪು, ರೀಡಿಂಗ್‌ನಲ್ಲಂತೂ ನಾಲ್ಕನೇ ಪ್ಯಾಸೇಜ್ ಮುಟ್ಟುವುದೇ ಇಲ್ಲ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ ನಾನು, ಅದಕ್ಕೇ ಹೀಗಾ ಅಂತ ಅನುಮಾನ. ಅಕ್ಟೋಬರ್‌ಗೆ ರಿಜಿಸ್ಟರ್ ಮಾಡಿ ದುಡ್ಡೂ ಕಟ್ಟಿದ್ದೇನೆ. ಬರೆದು ಈ ಸಲವೇ ಅಪ್ಲೈ ಮಾಡಲಾ, ಒಂದು ವರ್ಷ ಬಿಡಲಾ? 62 ಪರ್ಸೆಂಟನ್ನು ಜಿಪಿಎಗೆ ತಿರುಗಿಸಿದರೆ ಎರಡೂವರೆ ಅನ್ನುತ್ತಿದೆ ಒಂದು ವೆಬ್‌ಸೈಟ್, ಅದನ್ನು ನೋಡಿ ಅರ್ಧ ಜೀವ ಹೋಗಿದೆ. ಇನ್ನೊಂದು, ಗರಾಜ್ ಸೇಲ್‌ನಲ್ಲಿ ಒಂದು ದಪ್ಪ ಪುಸ್ತಕ ಸಿಕ್ಕಿತು, ಅದರಲ್ಲಿ ಯಾರು ಯಾರ ಪಕ್ಕ ಕೂರಬೇಕು ಅನ್ನುವ ಒಗಟುಗಳೇ ನೂರು ಪುಟ ಇವೆ. ಅದನ್ನೂ ಮಾಡಬೇಕಾ?

ನೀಲಿ_ಪೆನ್ನು:

ಮೊದಲು ಆ ನೂರು ಪುಟ ಮುಚ್ಚಿಡಿ. ಲಾಜಿಕ್ ಗೇಮ್ಸ್ ಅನ್ನುತ್ತಿದ್ದರು ಅದನ್ನು, 2024ರ ಆಗಸ್ಟ್‌ನಿಂದ ಪರೀಕ್ಷೆಯಲ್ಲೇ ಇಲ್ಲ. ಚಿತ್ರ ಬಿಡಿಸಿಕೊಂಡು ಬಿಡಿಸಬೇಕಾದ ಲೆಕ್ಕ ಅದು, ಕಣ್ಣು ಕಾಣದವರು ಹೇಗೆ ಮಾಡಬೇಕು ಅಂತ ಒಬ್ಬ ಅಂಧ ಅಭ್ಯರ್ಥಿ ಕೇಸ್ ಹಾಕಿದ್ದರು. 2019ರಲ್ಲಿ ರಾಜಿ ಆಯಿತು, ಕೊನೆಗೆ ತೆಗೆದೇಬಿಟ್ಟರು. ಲಾ ಕಾಲೇಜಿನ ಪರೀಕ್ಷೆಯನ್ನೇ ಕೇಸ್ ಹಾಕಿ ಬದಲಾಯಿಸಿದ್ದು ನನಗೆ ಬಹಳ ಇಷ್ಟದ ಕಥೆ. ಈಗ ಎರಡು ಲಾಜಿಕಲ್ ರೀಸನಿಂಗ್, ಒಂದು ರೀಡಿಂಗ್, ಜೊತೆಗೆ ಅಂಕಕ್ಕೆ ಸೇರದ ಒಂದು ಸೆಕ್ಷನ್. ಯಾವುದು ಸೇರದ್ದು ಅಂತ ಅವರು ಹೇಳುವುದಿಲ್ಲ. ಒಂದೊಂದಕ್ಕೂ 35 ನಿಮಿಷ.

ಎರಡನೆಯದು, ಆ ಎರಡೂವರೆ ಜಿಪಿಎ ಮರೆತುಬಿಡಿ. ನಾನೂ ಊರಿನ ಬಿಇಯವನೇ, ಈಗ ಇಲ್ಲಿ ಜೆಡಿ, ಅಂದರೆ ಲಾ ಡಿಗ್ರಿ, ಎರಡನೇ ವರ್ಷ. ಬೇರೆ ದೇಶದ ಡಿಗ್ರಿಗೆ ಎಲ್‌ಸ್ಯಾಕ್‌ನವರು (ಎಲ್‌ಸ್ಯಾಟ್ ನಡೆಸುವ ಸಂಸ್ಥೆ) ಜಿಪಿಎ ಲೆಕ್ಕ ಹಾಕುವುದೇ ಇಲ್ಲ. ಮಾರ್ಕ್ಸ್ ಕಾರ್ಡ್ ನೋಡಿ ಅತ್ಯುತ್ತಮ, ಸರಾಸರಿಗಿಂತ ಮೇಲೆ, ಸರಾಸರಿ, ಕೆಳಗೆ ಅಂತ ಒಂದು ಮಾತಿನಲ್ಲಿ ಬರೆದು ಕಳಿಸುತ್ತಾರೆ. ಕಾಲೇಜುಗಳು ಪ್ರಕಟಿಸುವ ಸರಾಸರಿ ಲೆಕ್ಕಕ್ಕೆ ನಮ್ಮ ಮಾರ್ಕ್ಸ್ ಸೇರುವುದಿಲ್ಲ. ಇದರಿಂದ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಹಳೆ ಮಾರ್ಕ್ಸ್ ಕಾಲೆಳೆಯುವುದಿಲ್ಲ, ಆದರೆ ಅವರ ಕೈಗೆ ಸಿಗುವ ಒಂದೇ ಗಟ್ಟಿ ನಂಬರ್ ಅಂದರೆ ನಿಮ್ಮ ಎಲ್‌ಸ್ಯಾಟ್. ಹಾಗಾಗಿ 156 ಇಟ್ಟುಕೊಂಡು ಓಡಬೇಡಿ.

ಕನ್ನಡ ಮೀಡಿಯಂ ಕಾರಣ ಅಲ್ಲ ಅಂತಲೇ ನನ್ನ ಅನಿಸಿಕೆ. ಇಂಗ್ಲಿಷ್ ಬರದಿದ್ದರೆ 156 ಬರುತ್ತಿರಲಿಲ್ಲ. ತಪ್ಪು ಎಲ್ಲಾಗುತ್ತದೆ ಅಂದರೆ, ನಾವು ಒಳ್ಳೆಯ ಮಾತು ಹುಡುಕುತ್ತೇವೆ, ಅವರು ಬೇಕೇ ಬೇಕಾದ ಮಾತು ಕೇಳಿರುತ್ತಾರೆ. ನಾನೇ ಕಟ್ಟಿದ ಒಂದು ಉದಾಹರಣೆ ಕೊಡುತ್ತೇನೆ.

ಒಂದು ಆಫೀಸಿಗೆ ಹೊಸ ಕಾಫಿ ಮಷಿನ್ ಬಂತು. ಬಂದ ಮೇಲೆ ರಜೆ ಹಾಕುವವರು ಕಮ್ಮಿ ಆದರು. ಆದ್ದರಿಂದ ರಜೆ ಕಮ್ಮಿ ಮಾಡಿಸಿದ್ದು ಕಾಫಿ. ಈ ವಾದ ನಿಲ್ಲಬೇಕಾದರೆ ಯಾವುದು ನಿಜ ಇರಲೇಬೇಕು? ಒಂದು ಆಯ್ಕೆ: ರಜೆ ಕಮ್ಮಿ ಮಾಡಿಸಲು ಕಾಫಿ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಇನ್ನೊಂದು: ರಜೆ ಕಮ್ಮಿ ಆಗಿದ್ದು ಪೂರ್ತಿ ಅದೇ ವಾರ ಬಂದ ಹೊಸ ಮ್ಯಾನೇಜರ್ ಭಯಕ್ಕಲ್ಲ. ನಾನು ಮೊದಮೊದಲು ಕಣ್ಣು ಮುಚ್ಚಿ ಮೊದಲನೆಯದಕ್ಕೆ ಒತ್ತುತ್ತಿದ್ದೆ, ಕಾಫಿ ಪರವಾಗಿ ಜೋರಾಗಿ ಮಾತಾಡುತ್ತಲ್ಲ ಅದು. ಈಗ ಎರಡನ್ನೂ ಉಲ್ಟಾ ಮಾಡಿ ನೋಡಿ. "ಬೇರೆ ದಾರಿಗಳೂ ಇವೆ." ಇರಲಿ ಬಿಡಿ, ಇಲ್ಲಿ ಕಾಫಿಯೇ ಕೆಲಸ ಮಾಡಿರಬಹುದು. "ಪೂರ್ತಿ ಮ್ಯಾನೇಜರ್ ಭಯಕ್ಕೇ." ವಾದ ಅಲ್ಲೇ ಮಗುಚಿ ಬಿತ್ತು. ಉಲ್ಟಾ ಮಾಡಿದಾಗ ವಾದ ಬೀಳಿಸುವುದೇ ಉತ್ತರ. ಜೋರು ಮಾತಿನ ಆಯ್ಕೆ ಈ ಥರದ ಪ್ರಶ್ನೆಯಲ್ಲಿ ಹೆಚ್ಚಾಗಿ ಗಾಳ. ಇದು ಒಂದು ಬಗೆ ಅಷ್ಟೆ, ವಾದದ ತಪ್ಪು ಹಿಡಿಯುವುದು, ಬಲಪಡಿಸುವುದು, ಸಡಿಲಿಸುವುದು ಅಂತ ಬೇರೆ ಬಗೆಗಳಿವೆ, ಒಂದೊಂದರ ಗಾಳವೂ ಬೇರೆ.

ನೀವು ದಿನಾ ಹೊಸ ಟೆಸ್ಟ್ ಬರೆದು ಸ್ಕೋರ್ ನೋಡುತ್ತಿದ್ದೀರಿ ಅಂತ ಅಂದುಕೊಂಡಿದ್ದೇನೆ. ತಪ್ಪಿದ್ದರೆ ಕ್ಷಮಿಸಿ. ನಾನೂ ಅದನ್ನೇ ಮಾಡಿ ಮೂರು ತಿಂಗಳು ಹಾಳು ಮಾಡಿದೆ. ತೂಕದ ಮಷಿನ್ ಮೇಲೆ ದಿನಾ ಹತ್ತಿದರೆ ಸಣ್ಣ ಆಗುತ್ತೇವಾ? ವಾರಕ್ಕೆ ಒಂದು ಟೆಸ್ಟ್ ಸಾಕು. ಬರೆಯುವಾಗ ಅನುಮಾನ ಬಂದ ಪ್ರಶ್ನೆಗೆಲ್ಲ ಗುರುತು ಹಾಕಿ. ಮುಗಿದ ಮೇಲೆ ಉತ್ತರ ನೋಡದೆ, ಗಡಿಯಾರ ಇಲ್ಲದೆ ಅವನ್ನು ಮತ್ತೆ ಮಾಡಿ. ಬ್ಲೈಂಡ್ ರಿವ್ಯೂ ಅನ್ನುತ್ತಾರೆ ಇದಕ್ಕೆ. ಗಡಿಯಾರ ಇಲ್ಲದೆ 168 ಬಂದರೆ ನಿಮ್ಮ ತೊಂದರೆ ವೇಗ. ಆಗಲೂ 158 ಅಂದರೆ ತಿಳಿವಳಿಕೆಯೇ ಸಾಲದು, ಆಗ ವೇಗದ ಚಿಂತೆ ಬಿಟ್ಟು ನಿಧಾನವಾಗಿ ಕಲಿಯಿರಿ.

ರೀಡಿಂಗ್‌ಗೆ ನನಗೆ ಕೈಹಿಡಿದದ್ದು ಕನ್ನಡವೇ. ಒಂದೊಂದು ಪ್ಯಾರಾ ಮುಗಿದಾಗಲೂ ರಫ್ ಹಾಳೆಯಲ್ಲಿ ಎರಡು ಪದ ಬರೆಯುತ್ತಿದ್ದೆ: "ಹಳೆ ಮಾತು", "ಇವನ ತಕರಾರು", "ಪುರಾವೆ", "ಆದರೂ ಡೌಟು". ವಿಷಯ ಜೀವಶಾಸ್ತ್ರವೋ ಕವಿತೆಯೋ, ಯಾರು ಏನು ಮಾಡುತ್ತಿದ್ದಾರೆ ಅನ್ನುವುದು ಗೊತ್ತಾದರೆ ಸಾಕು. ನಾಲ್ಕರಲ್ಲಿ ಒಂದು ಸೆಟ್‌ಗೆ ಎರಡು ಚಿಕ್ಕ ಪ್ಯಾಸೇಜ್ ಇರುತ್ತವೆ. ಅದನ್ನು ಅಣ್ಣ ತಮ್ಮಂದಿರು ಒಂದೇ ಆಸ್ತಿ ಜಗಳವನ್ನು ಬೇರೆ ಬೇರೆಯಾಗಿ ಹೇಳಿದ ಹಾಗೆ ಓದಿ. ಮತ್ತೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ನಾಲ್ಕನೇ ಪ್ಯಾಸೇಜ್ ಮುಟ್ಟದಿದ್ದರೂ ಖಾಲಿ ಬಿಡಬೇಡಿ, ಏನಾದರೂ ಒತ್ತಿ.

ಅಂಚೆ_ಕಾದವಳು:

ಸ್ಕೋರ್ ವಿಷಯ ಅವರು ಹೇಳಿದರು. ನಾನು ಕಾಗದ ಪತ್ರದ್ದು ಹೇಳುತ್ತೇನೆ, ಯಾಕೆಂದರೆ ನನ್ನ ಒಂದು ವರ್ಷ ಹೋಗಿದ್ದು ಅದರಲ್ಲಿ.

ಸಿಎಎಸ್ ಅಂತ ಒಂದಿದೆ. ಮಾರ್ಕ್ಸ್, ಶಿಫಾರಸು ಪತ್ರ ಎಲ್ಲ ಅಲ್ಲಿ ಒಟ್ಟುಗೂಡಿ ಕಾಲೇಜುಗಳಿಗೆ ಹೋಗುತ್ತದೆ. ಅದಕ್ಕೆ 200 ಡಾಲರ್ ಮೇಲೆ ಫೀಸು, ಒಂದೊಂದು ಕಾಲೇಜಿಗೆ ಕಳಿಸಲು ಮತ್ತೆ ಬೇರೆ. ಮಾರ್ಕ್ಸ್ ನೀವು ಕಳಿಸುವ ಹಾಗಿಲ್ಲ, ಓದಿದ ಯೂನಿವರ್ಸಿಟಿಯಿಂದಲೇ ಹೋಗಬೇಕು. ನಾನು ಊರಿನಲ್ಲಿರೋ ತಮ್ಮನನ್ನು ಓಡಾಡಿಸಿದೆ. ಪಾಪ, ಮೂರು ಕೌಂಟರ್, ಎರಡು ಚಲನ್, ಒಂದು "ಸಾಹೇಬರು ರಜೆ". ಕೊನೆಗೆ ಸೀಲ್ ಹಾಕಿದ ಕವರ್ ಅವನ ಕೈಗೇ ಕೊಟ್ಟರು, ನೀವೇ ಕೊರಿಯರ್ ಮಾಡಿಕೊಳ್ಳಿ ಅಂತ. ಇವನು ಒಳಗೆ ಸರಿಯಾಗಿದೆಯಾ ಅಂತ ನೋಡೋಣ ಅಂತ ಕವರ್ ಬಿಚ್ಚಿ, ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಿದ. "ಅಕ್ಕಾ, ಎಲ್ಲಾ ಸರಿ ಇದೆ, ಮತ್ತೆ ಅಂಟಿಸಿದ್ದೀನಿ." ನಗಬೇಕಾ ಅಳಬೇಕಾ ಗೊತ್ತಾಗಲಿಲ್ಲ. ಮೊದಲಿಂದ ಶುರು ಮಾಡಿ ಮುಗಿಯುವಾಗ ಫೆಬ್ರವರಿ.

ಹಾಗಾಗಿ ಪರೀಕ್ಷೆ ಯಾವಾಗಾದರೂ ಬರೆಯಿರಿ, ಮಾರ್ಕ್ಸ್ ತರಿಸುವುದು ಇವತ್ತೇ ಶುರು ಮಾಡಿ. ಎಲ್‌ಸ್ಯಾಕ್ ಅಕೌಂಟ್‌ನಲ್ಲಿ ಅದಕ್ಕೊಂದು ಫಾರಂ ಬರುತ್ತದೆ, ಜೊತೆಗೆ ಅದೂ ಹೋಗಬೇಕು. ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್, ಎಲ್‌ಸ್ಯಾಕ್ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ, ನಮ್ಮ ಇನಿಷಿಯಲ್ ಕಾಟ ಗೊತ್ತಲ್ಲ. ವಾದ ಬರೆಯುವ ಒಂದು ಭಾಗವೂ ಇದೆ, ಬೇರೆ ದಿನ ಮನೆಯಿಂದಲೇ ಬರೆಯುವುದು, ಅಂಕ ಇಲ್ಲ. ಆದರೆ ಮೊದಲ ಸಲದವರು ಅದು ಬರೆಯದೆ ಸ್ಕೋರ್ ಬಿಡುಗಡೆ ಆಗುವುದಿಲ್ಲ.

ಪರ್ಸನಲ್ ಸ್ಟೇಟ್‌ಮೆಂಟ್‌ಗೆ ಆ ಡೆಪಾಸಿಟ್ ಪತ್ರದ ಕಥೆಯೇ ಬರೆಯಿರಿ. ಚಿಕ್ಕಂದಿನಿಂದ ನ್ಯಾಯದ ಬಗ್ಗೆ ಒಲವು ಅಂತ ಶುರು ಮಾಡಬೇಡಿ ದಯವಿಟ್ಟು.

ಕರಿಕೋಟು:

ಎಂಟು ವರ್ಷದಿಂದ ಇಲ್ಲಿ ವಕೀಲಿ ಮಾಡುತ್ತಿದ್ದೇನೆ. ಯಾರೂ ದುಡ್ಡಿನ ಮಾತೇ ಎತ್ತಲಿಲ್ಲ, ನಾನು ಕೆಟ್ಟವನಾಗುತ್ತೇನೆ.

ಒಂದು ವರ್ಷ ಬಿಡಿ ಅನ್ನುವುದು ಸುಲಭ. ಆ ವರ್ಷಕ್ಕೂ ಬೆಲೆ ಇದೆ, 31ಕ್ಕೆ ಸೇರುವುದೂ 32ಕ್ಕೆ ಸೇರುವುದೂ ಒಂದೇ ಅಲ್ಲ. ಆದರೂ ಈ ವಿಷಯದಲ್ಲಿ ನೀಲಿ ಪೆನ್ನು ಹೇಳಿದ್ದೇ ಸರಿ, ಕಾರಣ ಬೇರೆ. ಇಲ್ಲಿ ಸ್ಕೋರ್ ಅಂದರೆ ಸೀಟು ಮಾತ್ರ ಅಲ್ಲ, ಫೀಸಿನ ರಿಯಾಯಿತಿ. ಅದೇ ಕಾಲೇಜು 156ಕ್ಕೆ ಪೂರ್ತಿ ಫೀಸು ಕೇಳಿ, 163ಕ್ಕೆ ಅರ್ಧ ಬಿಡಬಹುದು. ಮೂರು ವರ್ಷದ ಫೀಸು ಲೆಕ್ಕ ಹಾಕಿ, ಆ ಏಳು ಅಂಕಕ್ಕೆ ಓದುವ ಗಂಟೆಗೆ ಎಷ್ಟು ಡಾಲರ್ ಬೀಳುತ್ತದೆ ನೋಡಿ. ಅಷ್ಟು ಸಂಬಳ ಯಾವ ಟೆಸ್ಟಿಂಗ್ ಕಂಪನಿಯೂ ಕೊಡಲ್ಲ.

ಗ್ರೀನ್ ಕಾರ್ಡ್ ಇರುವುದರಿಂದ ಸರ್ಕಾರಿ ಸಾಲ ಸಿಗುತ್ತದೆ. ಆದರೆ ಮೊದಲಿನ ಹಾಗೆ ಬೇಕಾದಷ್ಟು ಅಲ್ಲ. 2026ರ ಜುಲೈ 1ರಿಂದ ಹೊಸದಾಗಿ ಸೇರುವವರಿಗೆ ಗ್ರ್ಯಾಡ್ ಪ್ಲಸ್ ಅನ್ನುವ ಆ ಹಳೆ ಸರ್ಕಾರಿ ಸಾಲ ಇಲ್ಲ. ಲಾ ಓದುವವರಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಮಿತಿ. ಮೇಲಿನದ್ದು ಖಾಸಗಿ ಬ್ಯಾಂಕ್ ಸಾಲ, ಇಲ್ಲಾ ಯಜಮಾನರ ಜೇಬು.

ಅಪ್ಲೈ ಮಾಡುವ ಮೊದಲು ಪ್ರತಿ ಕಾಲೇಜಿನ 509 ರಿಪೋರ್ಟ್ ಓದಿ. ಎಬಿಎ (ಅಮೆರಿಕದ ವಕೀಲರ ಸಂಘ) ಮಾನ್ಯತೆ ಇರುವ ಕಾಲೇಜುಗಳೆಲ್ಲ ಪ್ರತಿ ವರ್ಷ ಅದನ್ನು ಹಾಕಲೇಬೇಕು. ಸೇರಿದವರ ಎಲ್‌ಸ್ಯಾಟ್ ಎಷ್ಟು, ಎಷ್ಟು ಜನಕ್ಕೆ ಸ್ಕಾಲರ್‌ಶಿಪ್, ಎಲ್ಲ ಇರುತ್ತದೆ. ಅದರಲ್ಲಿ ಷರತ್ತಿನ ಸ್ಕಾಲರ್‌ಶಿಪ್ ಅನ್ನುವ ಕಡೆ ಬೆರಳಿಟ್ಟು ಓದಿ. ಮೊದಲ ವರ್ಷ ಇಷ್ಟು ಗ್ರೇಡ್ ಬಂದರೆ ಮಾತ್ರ ಮುಂದುವರಿಸುತ್ತೇವೆ ಅಂತಾರೆ. ಲಾ ಕಾಲೇಜಿನಲ್ಲಿ ಗ್ರೇಡ್ ಕರ್ವ್ ಮೇಲೆ, ಎಲ್ಲರೂ ಚೆನ್ನಾಗಿ ಬರೆದರೂ ಒಂದಷ್ಟು ಜನ ಕೆಳಗೆ ಬೀಳಲೇಬೇಕು. ನನ್ನ ಜೊತೆಯವನೊಬ್ಬ ಹಾಗೇ ಎರಡನೇ ವರ್ಷ ಪೂರ್ತಿ ಫೀಸು ಕಟ್ಟಿದ.

ನಿಮ್ಮ ಕಡೆ ರಟ್ಗರ್ಸ್ ಇದೆ, ಸರ್ಕಾರಿ ಯೂನಿವರ್ಸಿಟಿ, ರಾಜ್ಯದವರಿಗೆ ಫೀಸು ಕಮ್ಮಿ. ಸೀಟನ್ ಹಾಲ್ ಯೂನಿವರ್ಸಿಟಿಯಲ್ಲಿ ವಾರಾಂತ್ಯದ ಪಾರ್ಟ್ ಟೈಮ್ ಜೆಡಿ ಇದೆ, ಚಿಕ್ಕ ಮಗು ಇರುವವರು ನೋಡಬೇಕಾದದ್ದು. ಮತ್ತೆ ನಿಮ್ಮ ಇ ಅಂಡ್ ಸಿಯನ್ನು ನೀವೇ ಕೀಳಾಗಿ ನೋಡಬೇಡಿ. ಪೇಟೆಂಟ್ ಆಫೀಸಿನ ಪರೀಕ್ಷೆಗೆ ಕೂರಬೇಕಾದರೆ ವಿಜ್ಞಾನ ಅಥವಾ ಎಂಜಿನಿಯರಿಂಗ್ ಹಿನ್ನೆಲೆ ಬೇಕು, ಬರೀ ರಾಜ್ಯಶಾಸ್ತ್ರ ಓದಿ ಬಂದವರಿಗೆ ಆ ಬಾಗಿಲು ತೆರೆಯುವುದಿಲ್ಲ.

ತಡವಾಗಿ_ಬಂದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೀಲಿ ಪೆನ್ನು ಸರ್, ಸರಿಯಾಗಿ ಹಿಡಿದಿರಿ, ದಿನ ಬಿಟ್ಟು ದಿನ ಟೆಸ್ಟ್ ಬರೆಯುತ್ತಿದ್ದೆ. ನಿನ್ನೆ ರಾತ್ರಿ ಮಗಳು ಮಲಗಿದ ಮೇಲೆ ಹಳೆಯದೊಂದನ್ನು ಗಡಿಯಾರ ಇಲ್ಲದೆ ಮಾಡಿದೆ. 165. ಹಾಗಾದರೆ ನನ್ನದು ವೇಗದ ತೊಂದರೆಯಾ? ಅಕ್ಟೋಬರ್‌ನದ್ದು ಸುಮ್ನೆ ಅನುಭವಕ್ಕೆ ಬರೆದರೆ ನಷ್ಟ ಏನಾದರೂ ಇದೆಯಾ?

ನೀಲಿ_ಪೆನ್ನು:

165 ಅಂದರೆ ಹೆಚ್ಚಿನ ಪಾಲು ವೇಗವೇ. ಮೊದಲ ಹತ್ತು ಪ್ರಶ್ನೆ ಸುಲಭ ಇರುತ್ತವೆ, ಅಲ್ಲಿ ನೀವು ಎರಡೆರಡು ಸಲ ಓದುತ್ತಿರಬಹುದು, ಗಮನಿಸಿ. ಅನುಭವಕ್ಕೆ ಅಂತ ಬರೆಯಬೇಡಿ. ಕಾಲೇಜುಗಳು ಜಾಸ್ತಿ ಬಂದ ಸ್ಕೋರಿಗೇ ಬೆಲೆ ಕೊಡುವುದು ನಿಜ, ಆದರೆ ಹಳೆಯವೂ ಅವರಿಗೆ ಕಾಣುತ್ತವೆ. ಐದು ವರ್ಷದ ಲೆಕ್ಕದಲ್ಲಿ 5 ಸಲ, ಜೀವಮಾನದಲ್ಲಿ 7 ಸಲ ಮಾತ್ರ ಅವಕಾಶ. ಮನೆಯಲ್ಲಿ ಮೂರು ಟೆಸ್ಟ್ ಸಾಲಾಗಿ 162ರ ಮೇಲೆ ಬರಲಿ, ಆಗ ದಿನಾಂಕ ಹಿಡಿಯಿರಿ. ಜನವರಿಯಲ್ಲೂ ಇದೆ, ಜೂನ್‌ನಲ್ಲೂ ಇದೆ. ಸೀಟುಗಳು ಬಂದ ಅರ್ಜಿಯ ಹಾಗೆ ತುಂಬುತ್ತಾ ಹೋಗುತ್ತವೆ, ಜನವರಿ ಸ್ಕೋರ್ ಹಿಡಿದು ಕೊನೆಗೆ ನಿಲ್ಲುವುದಕ್ಕಿಂತ ಮುಂದಿನ ಸೆಪ್ಟೆಂಬರ್‌ನಲ್ಲಿ ಮೊದಲಿಗರಾಗಿ ಹಾಕುವುದು ಒಳ್ಳೆಯದು.

ತಡವಾಗಿ_ಬಂದವಳು:

ಸರಿ, ಅಕ್ಟೋಬರ್ ಬಿಟ್ಟೆ. ದಿನಾಂಕ ಬದಲಾಯಿಸಲೂ ಫೀಸು ಕೇಳುತ್ತಾರೆ, ಹೊಟ್ಟೆ ಉರಿಯಿತು, ಕಟ್ಟಿದೆ. ಇವರ ಹತ್ತಿರ 50,000 ಮಿತಿ ಅಂತ ಹೇಳಿದ್ದಕ್ಕೆ ಮೊದಲು ವಾರಾಂತ್ಯದ್ದನ್ನು ನೋಡು ಅಂದರು. ಮಾರ್ಕ್ಸ್ ತರಿಸಲು ಅಣ್ಣನಿಗೆ ಈಗಷ್ಟೇ ಫೋನ್ ಮಾಡಿದೆ, ಸೋಮವಾರ ಹೋಗುತ್ತಾನೆ. ಕವರ್ ಬಿಚ್ಚಬೇಡ ಅಂತ ಮೂರು ಸಲ ಹೇಳಿದ್ದೇನೆ. "ಒಳಗೆ ಏನಿದೆ ಅಂತ ನೋಡೋದು ಬೇಡ್ವಾ?" ಅಂದ.