‘ಫೈನ್’ ಪದಕ್ಕೆ ಸಮಾನಾರ್ಥಕ ಯಾವುದು? ಪೇಚಿಗೆ ಸಿಕ್ಕವರು ಅನುಭವ ಹೇಳಿ

ಕೇಳಿದವರು

ಇಂಗ್ಲಿಷ್ ಸ್ವಲ್ಪ ತಡವಾಗಿ ಕಲಿತವನು ನಾನು. ಓದಿದರೆ ಅರ್ಥ ಆಗುತ್ತದೆ, ಬರೆಯುವಾಗ ಮಾತ್ರ ಎಡವುತ್ತೇನೆ. ಕಳೆದ ವಾರ ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಮೂರು ದಿನ ಕೂತು ಒಂದು ವರದಿ ಬರೆದು ಕಳಿಸಿದ್ದರು. ನಿಜಕ್ಕೂ ಚೆನ್ನಾಗಿತ್ತು. ನಿಘಂಟಿನಲ್ಲಿ ಫೈನ್ ಅಂದರೆ ಉತ್ತಮ, ಶ್ರೇಷ್ಠ ಅಂತ ಇದೆಯಲ್ಲ, ಅದನ್ನೇ ನಂಬಿಕೊಂಡು ‘ಯುವರ್ ರಿಪೋರ್ಟ್ ಈಸ್ ಫೈನ್’ ಅಂತ ಬರೆದೆ. ಸ್ವಲ್ಪ ಹೊತ್ತಿಗೆ ಅವರೇ ಬಂದು, ‘ಯಾಕೆ, ಏನಾದರೂ ಕಮ್ಮಿ ಆಯ್ತಾ?’ ಅಂದರು. ಮುಖ ಸಪ್ಪೆಯಾಗಿತ್ತು. ಮತ್ತೆ ನಿಘಂಟು ತೆಗೆದರೆ ಉತ್ತಮ, ತೆಳು, ನುಣುಪು, ಆರೋಗ್ಯ, ಬಿಸಿಲಿನ ದಿನ, ದಂಡ, ಎಲ್ಲ ಒಂದೇ ಸಾಲಿನಲ್ಲಿ ಕೂತಿವೆ. ಯಾವಾಗ ಯಾವುದು ಅಂತ ನೀವೆಲ್ಲ ಹೇಗೆ ಕಂಡುಹಿಡಿಯುತ್ತೀರಿ?

ಅನುವಾದ ಮಾಡುವವರೊಬ್ಬರು

ನಾನೂ ಮೊದಮೊದಲು ಇದೇ ಪದದಲ್ಲಿ ಬಿದ್ದವಳು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಪದ ವಾಕ್ಯದಲ್ಲಿ ಎಲ್ಲಿ ಕೂತಿದೆ ನೋಡಿ. ‘ಎ ಫೈನ್ ರಿಪೋರ್ಟ್’ ಅಂದರೆ ಹೊಗಳಿಕೆ, ಸೊಗಸಾದ ವರದಿ. ‘ದ ರಿಪೋರ್ಟ್ ಈಸ್ ಫೈನ್’ ಅಂದರೆ ತಪ್ಪೇನಿಲ್ಲ, ನಡೆಯುತ್ತದೆ. ನಮ್ಮ ‘ಪರವಾಗಿಲ್ಲ’ ಇದೆಯಲ್ಲ, ಹೆಚ್ಚುಕಡಿಮೆ ಅದೇ. ಮೂರು ದಿನ ಕಷ್ಟಪಟ್ಟವರಿಗೆ ‘ಪರವಾಗಿಲ್ಲ’ ಅಂದರೆ ಮುಖ ಸಪ್ಪೆ ಆಗದೆ ಇನ್ನೇನಾಗುತ್ತದೆ, ಹೇಳಿ. ಹೊಗಳಬೇಕಿದ್ದರೆ ಎಕ್ಸಲೆಂಟ್, ವೆರಿ ಗುಡ್, ಏನಾದರೂ ಬರೆಯಿರಿ. ಆದರೆ ಅದಕ್ಕಿಂತ ಯಾವ ಭಾಗ ಇಷ್ಟವಾಯ್ತು ಅಂತ ಒಂದು ಸಾಲು ಬರೆದರೆ ಯಾವ ಸಮಾನಾರ್ಥಕದ ಗೊಡವೆಯೂ ಬೇಡ.

ಹೆಸರುಪದದ ಮುಂದೆ ಬಂದ ಫೈನ್ ಎಲ್ಲ ಹೊಗಳಿಕೆ ಅಂತಲೂ ಅಲ್ಲ. ‘ಫೈನ್ ಪ್ರಿಂಟ್’ ಅಂದರೆ ಕರಾರಿನ ಕೆಳಗಡೆ ಯಾರೂ ಓದದಿರಲಿ ಅಂತಲೇ ಹಾಕಿದಂತಿರುವ ಸಣ್ಣ ಅಕ್ಷರ. ‘ಎ ಫೈನ್ ಮೆಸ್’ ಅಂದರೆ ‘ಒಳ್ಳೇ ಫಜೀತಿ ಆಯ್ತಲ್ಲ!’ ಇದನ್ನು ಕನ್ನಡಕ್ಕೆ ತರುವುದು ಬಹಳ ಸುಲಭ, ಯಾಕಂದರೆ ‘ಒಳ್ಳೇ’ ಅನ್ನೋದನ್ನ ನಾವೂ ಹೀಗೆ ತಿರುಗಿಸಿ ಚುಚ್ಚುತ್ತೇವೆ, ಒಳ್ಳೇ ಆಸಾಮಿ ನೀನು ಅಂತ ಬೈಯುವುದಿಲ್ಲವೇ. ಇನ್ನು ‘ಒನ್ ಫೈನ್ ಡೇ’ಯನ್ನು ‘ಒಂದು ಶುಭದಿನ’ ಅಂತ ಒಮ್ಮೆ ಅನುವಾದಿಸಿಬಿಟ್ಟಿದ್ದೆ. ಕತೆಯಲ್ಲಿ ಆವತ್ತೇ ಆ ಮನುಷ್ಯ ಮನೆ ಬಿಟ್ಟು ಹೋಗಿದ್ದ! ಅಲ್ಲಿ ಬೇಕಿದ್ದದ್ದು ‘ಇದ್ದಕ್ಕಿದ್ದ ಹಾಗೆ ಒಂದು ದಿನ’.

ಪೆಟ್ಟಿಗೆ ಎಳೆದಾಡಿದವರು

ನನ್ನದು ಬೇರೆ ಪೇಚು. ಪರದೇಶದವರೊಬ್ಬರು ಭಾರದ ಪೆಟ್ಟಿಗೆ ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಸಹಾಯ ಮಾಡಲಾ ಅಂತ ಇಂಗ್ಲಿಷಿನಲ್ಲಿ ಕೇಳಿದೆ. ‘ಐ ಆಮ್ ಫೈನ್’ ಅಂದರು. ಸರಿ, ಒಪ್ಪಿದರು ಅಂದುಕೊಂಡು ಇನ್ನೊಂದು ತುದಿ ಹಿಡಿದೇಬಿಟ್ಟೆ. ಅವರು ತಮ್ಮ ಕಡೆ ಎಳೆಯುತ್ತಾರೆ, ನಾನು ನನ್ನ ಕಡೆ. ಎರಡು ಮೆಟ್ಟಿಲು ಹೀಗೇ ಆಯ್ತು. ಏನಾದರೂ ಬೇಕಾ ಅಂತ ಕೇಳಿದಾಗ ಬರುವ ‘ಐ ಆಮ್ ಫೈನ್’ ಅಂದರೆ ‘ಬೇಡ’ ಅಂತ. ‘ಹೇಗಿದ್ದೀರಿ’ ಅಂದಾಗ ಬಂದರೆ ಮಾತ್ರ ‘ಚೆನ್ನಾಗಿದ್ದೀನಿ’. ಅದು ಗೊತ್ತಾದದ್ದು ಪೆಟ್ಟಿಗೆ ಮೇಲೆ ಮುಟ್ಟಿದ ಮೇಲೆ.

ಪಾಠ ಹೇಳುವವರು

ಸಮಾನಾರ್ಥಕ ಹುಡುಕಬೇಡಿ, ವಿರುದ್ಧ ಪದ ಹುಡುಕಿ. ಮಕ್ಕಳಿಗೆ ನಾನು ಹೇಳಿಕೊಡುವುದು ಇದೊಂದೇ, ನಾಲ್ಕೈದು ವರ್ಷದಿಂದ ಕೈಕೊಟ್ಟಿಲ್ಲ. ‘ಫೈನ್ ಡಸ್ಟ್’ ಇದ್ದರೆ ಅದರ ಎದುರು ಏನು? ತರಿತರಿ, ಅಂದರೆ ‘ಕೋರ್ಸ್’. ಹಾಗಾದರೆ ಇಲ್ಲಿ ಫೈನ್ ಅಂದರೆ ನುಣ್ಣಗಿನದು. ‘ಫೈನ್ ವೆದರ್’ ಎದುರು ಮಳೆ, ಮೋಡ. ಅಲ್ಲಿಗೆ ಅದು ತಿಳಿಯಾದ ಹವೆ. ‘ಶಿ ಈಸ್ ಫೈನ್ ನೌ’ ಎದುರು ಕಾಯಿಲೆ, ಹಾಗಾಗಿ ಹುಷಾರಾಗಿದ್ದಾಳೆ.

ಮರಗೆಲಸದವರ ಕೈಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಉಜ್ಜುವ ಸ್ಯಾಂಡ್ ಪೇಪರ್ ಹಿಂದೆ ನಂಬರ್ ಇರುತ್ತದೆ. 80 ಅಂದರೆ ಒರಟು, ಮುಟ್ಟಿದರೆ ಬೆರಳಿಗೆ ತರಚುತ್ತದೆ. 220 ನುಣುಪು, 400 ಇನ್ನೂ ನುಣುಪು. ನಂಬರ್ ಏರಿದಷ್ಟೂ ಕಾಳು ಸಣ್ಣ, ಪೇಪರ್ ‘ಫೈನರ್’. ಚಿನ್ನದಲ್ಲಿ ‘ಫೈನ್‌ನೆಸ್’ ಅನ್ನುತ್ತಾರಲ್ಲ, ಅದು ಮತ್ತೆ ಬೇರೆ, ನುಣುಪಲ್ಲ, ಶುದ್ಧತೆ. 916 ಅಂದರೆ ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ, ಅದೇ 22 ಕ್ಯಾರೆಟ್.

ಹತ್ತಿರದ ಪದಗಳಲ್ಲೂ ಹುಷಾರು. ‘ಫೈನ್ ಹೇರ್’ ಅಂದರೆ ಒಂದೊಂದು ಎಳೆಯೂ ಸಣ್ಣ. ‘ಥಿನ್ ಹೇರ್’ ಅಂದರೆ ಸಾಮಾನ್ಯವಾಗಿ ತಲೆಯಲ್ಲಿ ಕೂದಲೇ ಕಮ್ಮಿ. ನಿಘಂಟಿನಲ್ಲಿ ಇವೆರಡೂ ಅಕ್ಕಪಕ್ಕ ಇರುತ್ತವೆ, ಆದರೆ ಎದುರಿಗಿರುವವರಿಗೆ ಅದಲುಬದಲು ಮಾಡಿ ಹೇಳಿ ನೋಡಿ!

ಪದಗಳ ಹುಚ್ಚಿನವರು

ದಂಡ ಅನ್ನೋ ಅರ್ಥ ಎಲ್ಲಿಂದ ಬಂತು ಅಂತ ಯಾರೂ ಹೇಳಲಿಲ್ಲ. ಎಲ್ಲದರ ಬೇರೂ ಒಂದೇ, ಲ್ಯಾಟಿನ್ನಿನ ‘ಫೀನಿಸ್’, ಅಂದರೆ ಕೊನೆ, ಎಲ್ಲೆ. ಒಂದು ಗುಣದ ಕೊನೇ ತುದಿ ಮುಟ್ಟಿದ್ದು ಅನ್ನೋ ಅರ್ಥದಲ್ಲಿ ಹಳೆಯ ಫ್ರೆಂಚಿನ ದಾರಿಯಾಗಿ ಒಂದು ಫೈನ್ ಬಂತು, ಉತ್ತಮ ಅಂತ. ವ್ಯಾಜ್ಯ ಕೊನೆಗಾಣಿಸಲು ಕೊಡುವ ಹಣ ಇನ್ನೊಂದು ಫೈನ್ ಆಯ್ತು. ಫಿನಿಶ್, ಫೈನಲ್ ಇದೇ ಮನೆಯವು. ಫೈನಾನ್ಸ್ ಕೂಡ, ಸಾಲ ತೀರಿಸಿ ಮುಗಿಸುವುದು ಅನ್ನೋದು ಅದರ ಹಳೆಯ ಅರ್ಥ. ಪಾಶ್ಚಾತ್ಯ ಸಂಗೀತದ ಹಾಳೆಯ ಕೊನೆಯಲ್ಲೂ ಫೈನ್ ಪದದ ಇದೇ ಇಂಗ್ಲಿಷ್ ಅಕ್ಷರಗಳನ್ನು ಬರೆದಿರುತ್ತಾರೆ, ಅದನ್ನು ‘ಫೀನೆ’ ಅಂತ ಇಟಾಲಿಯನ್ ಥರ ಓದಬೇಕು, ಅಲ್ಲಿಗೆ ಮುಗಿಯಿತು ಅಂತ.

ಫೈನ್ ಬದಲು ‘ಪೆನಾಲ್ಟಿ’ ಹಾಕುವಾಗಲೂ ನೋಡಿಕೊಳ್ಳಿ. ಫೈನ್ ಅಂದರೆ ಹಣ ಮಾತ್ರ. ಪೆನಾಲ್ಟಿ ಜೈಲೂ ಆಗಬಹುದು, ಫುಟ್‌ಬಾಲಿನ ಒದೆತವೂ ಆಗಬಹುದು. ನಮ್ಮ ‘ದಂಡ’ ಏನು ಕಡಿಮೆ ಅಲೆದಿದೆಯಾ? ಕೋಲು ಶಿಕ್ಷೆಯಾಯ್ತು, ಶಿಕ್ಷೆ ಜುಲ್ಮಾನೆಯಾಯ್ತು, ಕೊನೆಗೆ ‘ಅವನಿಗೆ ಹೇಳಿದ್ದೇ ದಂಡ’ ಅಂತ ವ್ಯರ್ಥಕ್ಕೂ ಬಂತು.

ಇನ್ನೊಬ್ಬರು

ಬೇರು ಬುಡ ಎಲ್ಲ ಕೇಳೋಕೆ ಚಂದ, ಆದರೆ ಮೇಲ್ ಬರೆಯುವಾಗ ಲ್ಯಾಟಿನ್ ಯಾರಿಗೆ ನೆನಪಾಗುತ್ತದೆ? ದಿನಾ ಆಗುವ ಎರಡು ತಪ್ಪು ಹೇಳ್ತೀನಿ. ‘ಐ ಆಮ್ ವೆರಿ ಫೈನ್’ ಅನ್ನಬೇಡಿ, ಇಂಗ್ಲಿಷಿನವರ ಕಿವಿಗೆ ಅದು ಒಪ್ಪುವುದಿಲ್ಲ. ‘ಜಸ್ಟ್ ಫೈನ್’ ಅಂದರೆ ಸರಿ. ಹಾಗೆಯೇ ಜ್ವರ ಇಳಿದಾಗ ‘ಫೈನರ್’ ಅನ್ನಬೇಡಿ, ‘ಬೆಟರ್’ ಅನ್ನಿ. ಪುಡಿಗೆ ‘ವೆರಿ ಫೈನ್’ ಧಾರಾಳವಾಗಿ ನಡೆಯುತ್ತದೆ, ಮನುಷ್ಯರಿಗೆ ನಡೆಯಲ್ಲ. ಆಮೇಲೆ ಜಗಳದ ನಡುವೆ ಒಬ್ಬರು ‘ಫೈನ್’ ಅಂತ ಒಂದೇ ಪದ ಬರೆದು ಚುಕ್ಕಿ ಇಟ್ಟರೆ ಅದು ಒಪ್ಪಿಗೆ ಅಂತ ತಿಳಿಯಬೇಡಿ. ‘ಆಯ್ತು ಬಿಡಿ, ನಿಮ್ಮಿಷ್ಟ’ ಅಂತ ಮುಖ ತಿರುಗಿಸಿದ ಹಾಗೆ ಅದು. ನಮ್ಮಲ್ಲಿ ‘ಸರಿ’ ಅಂತ ದನಿ ಇಳಿಸಿ ಹೇಳೋರು ಇಲ್ವಾ, ಹಾಗೇ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ವರದಿ ಬರೆದವರ ಹತ್ತಿರ ಹೋಗಿ ಕನ್ನಡದಲ್ಲೇ ‘ಬಹಳ ಚೆನ್ನಾಗಿ ಬರೆದಿದ್ದೀರಿ, ಎರಡನೇ ಪುಟದ ಲೆಕ್ಕ ಅಂತೂ ಒಂದೇ ಸಲಕ್ಕೆ ತಲೆಗೆ ಹೋಯ್ತು’ ಅಂದೆ. ನಕ್ಕರು. ಒಂದು ಮಾತ್ರ ಉಳಿಯಿತು. ಕ್ರಿಕೆಟ್ಟಿನ ‘ಫೈನ್ ಲೆಗ್’ನಲ್ಲಿ ಇದೆಲ್ಲದರಲ್ಲಿ ಯಾವ ಅರ್ಥ?

ಪಾಠ ಹೇಳುವವರು

ಸಣ್ಣದು ಅನ್ನೋದೇ. ಎರಡು ವಿಕೆಟ್‌ಗಳ ನಡುವಿನ ಗೆರೆಯನ್ನು ಬ್ಯಾಟುಗಾರನ ಹಿಂದಕ್ಕೆ ಹಾಗೇ ಎಳೆಯಿರಿ. ಚೆಂಡು ಹಿಡಿಯುವ ಫೀಲ್ಡರ್ ಆ ಗೆರೆಗೆ ಹತ್ತಿರ ನಿಂತಷ್ಟೂ ಫೈನ್, ಕೋನ ಸಣ್ಣ. ಅಡ್ಡಕ್ಕೆ ಸರಿದಷ್ಟೂ ಸ್ಕ್ವೇರ್. ವಿರುದ್ಧ ಪದ ಹುಡುಕಿ ಅಂದೆನಲ್ಲ!